ಇಪ್ಪತ್ತಮೂರು ವರ್ಷ ತಡವಾಗಿ ಬಂದ ವೀರಚಕ್ರವಲ್ಲ, ಮಹಾವೀರ ಚಕ್ರ

ಕೊಡಗೆಂದೊಡನೆ ನಮ್ಮವರ ಬಾಯಿಗೆ ಬರುವುದು ಕಾರ್ಯಪ್ಪನವರ ಹೆಸರು, ಆ ಮೇಲೆ ತಿಮ್ಮಯ್ಯನವರದು. ಇಬ್ಬರೂ ಭೂಸೇನೆಯ ದಂಡನಾಯಕರು. ಆಕಾಶದಲ್ಲಿ ಹೋರಾಡಿ ಮಡಿದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರನ್ನು ಬಲ್ಲವರು ಅಷ್ಟಿಲ್ಲ. ಕಾಸರಗೋಡಿನ ವಾಚಕರಿಗೆ ಕೊಡಗು ದೂರದ ಸೀಮೆಯೇನಲ್ಲ. ಪಾಣತ್ತೂರು ದಾಟಿದರೆ ಕರಿಕೆ, ಅಲ್ಲಿಂದ ಘಟ್ಟ ಹತ್ತಿದರೆ ಭಾಗಮಂಡಲ. ಹೊಸೂರಿನ ಬಳಿಯ ನಮ್ಮ ಬಾಗಲೂರಿಗೆ ಅದು ದೂರವೇ. ಆದರೆ ಇಲ್ಲಿನ ಮಕ್ಕಳಿಗೆ ವಿಮಾನದ ಕತೆಯೆಂದರೆ ಕಿವಿ ನೆಟ್ಟಗಾಗುತ್ತದೆ. ಬೆಂಗಳೂರು ಸಮೀಪ, ಬೆಳಗೊಂಡಪಲ್ಲಿಯಲ್ಲೊಂದು ರನ್‌ವೇ ಬೇರೆ. ತಲೆಯ ಮೇಲೆ ಸದ್ದಾಯಿತೆಂದರೆ ಪಾಠ ಅರೆಗಳಿಗೆ ನಿಂತಂತೆಯೇ.

ದೇವಯ್ಯನವರು ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆ ಸೇರಿದರು. ಎಳೆಯ ಪೈಲಟ್‌ಗಳಿಗೆ ಹಾರಾಟ ಕಲಿಸುವ ಶಿಕ್ಷಕರಾಗಿದ್ದವರು (ನಮ್ಮ ವೃತ್ತಿಯವರೇ ಎಂದು ನನಗೊಂದು ಸಣ್ಣ ಹೆಮ್ಮೆ), 1965ರ ಯುದ್ಧದ ಹೊತ್ತಿಗೆ ‘ಟೈಗರ್ಸ್’ ಎಂಬ ಒಂದನೆಯ ಸ್ಕ್ವಾಡ್ರನ್‌ಗೆ ಬಂದಿದ್ದರು. ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ದೊಡ್ಡ ವಾಯುನೆಲೆಯಾದ ಸರ್ಗೋಧಾದ ಮೇಲೆ ಎರಗಬೇಕೆಂದು ನಿಶ್ಚಯವಾಗಿತ್ತು. ಆ ಹನ್ನೆರಡರಲ್ಲಿ ದೇವಯ್ಯನವರಿರಲಿಲ್ಲ. ಯಾರಾದರೂ ಹಿಂದುಳಿದರೆ ಆ ಜಾಗ ತುಂಬಲು ಕಾದಿರಿಸಿದ ಪೈಲಟ್ ಅವರು. ಜಾಗ ತೆರವಾಯಿತು, ಅವರು ಹೋದರು.

ಮೇಲೆ ಬಂದದ್ದು ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್. ಶಬ್ದಕ್ಕಿಂತ ಎರಡು ಪಟ್ಟು ವೇಗದ ವಿಮಾನ. ಫ್ರಾನ್ಸಿನ ಮಿಸ್ಟೇರ್‌ಗೆ ಸಮಮಟ್ಟದ ಹಾರಾಟದಲ್ಲಿ ಶಬ್ದದ ವೇಗವನ್ನು ಮುಟ್ಟುವ ಶಕ್ತಿಯೂ ಇರಲಿಲ್ಲ. ಎತ್ತಿನ ಗಾಡಿಯನ್ನು ಮೋಟಾರು ಅಟ್ಟಿಸಿಕೊಂಡು ಬಂದಂತೆ ಎಂದರೆ ಮಕ್ಕಳಿಗೆ ಬೇಗ ತಿಳಿಯುತ್ತದೆ. ಸ್ಟಾರ್‌ಫೈಟರ್ ನಡೆಸುತ್ತಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಅವರ ಗುಂಡು ದೇವಯ್ಯನವರ ವಿಮಾನಕ್ಕೆ ತಗಲಿತು. ಪೆಟ್ಟು ತಿಂದ ವಿಮಾನವನ್ನು ದೇವಯ್ಯನವರು ಗಡಿಯತ್ತ ತಿರುಗಿಸಲಿಲ್ಲ, ವೈರಿಯತ್ತ ತಿರುಗಿಸಿದರು. ಅವರ ಗುಂಡು ಸ್ಟಾರ್‌ಫೈಟರನ್ನು ಕೆಡವಿತು. ಅಮ್ಜದ್ ಹುಸೇನ್ ಧುಮುಕುಕೊಡೆಯಿಂದ ಇಳಿದು ಬದುಕಿದರು. ದೇವಯ್ಯನವರು ಬರಲಿಲ್ಲ. ಆಗ ಅವರ ವಯಸ್ಸು 32.

ಇದನ್ನು ನಮ್ಮವರು ಯಾರೂ ಕಂಡಿರಲಿಲ್ಲ. ಯುದ್ಧ ಮುಗಿಯಿತು, ಕೈದಿಗಳ ವಿನಿಮಯವಾಯಿತು. ಅದೇ ಯುದ್ಧದಲ್ಲಿ ವಿಮಾನ ಉರುಳಿ ಸೆರೆಯಾಗಿದ್ದ ಕಾರ್ಯಪ್ಪನವರ ಮಗ ನಂದಾ ಕಾರ್ಯಪ್ಪ ಮರಳಿದರು. ದೇವಯ್ಯನವರ ಮಡದಿ ಮಕ್ಕಳಿಗೆ ದೊರೆತದ್ದು ‘ಕಾಣೆಯಾಗಿದ್ದಾರೆ’ ಎಂಬ ಮಾತು ಮಾತ್ರ. ಸತ್ತರೆಂದರೆ ಅತ್ತು ಸಮಾಧಾನ ತಂದುಕೊಳ್ಳಬಹುದು. ಕಾಣೆಯಾದವರಿಗೆ ತಿಥಿ ಮಾಡುವುದು ಹೇಗೆ?

ಸತ್ಯ ಹೊರಬಿದ್ದದ್ದು ಆಚೆ ಕಡೆಯಿಂದ. 1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕರು ಆ ಆಕಾಶಯುದ್ಧವನ್ನು ಪಾಕಿಸ್ತಾನದ ಕಡೆಯಿಂದ ಬರೆದ ಪುಸ್ತಕ ಪ್ರಕಟವಾಯಿತು. ಸ್ಟಾರ್‌ಫೈಟರನ್ನು ಕೆಡವಿದ್ದು ಒಂದು ಮಿಸ್ಟೇರ್ ಎಂದು ಅದರಲ್ಲಿತ್ತು. ಆ ದಾಳಿಗೆ ಹೋದ ಮಿಸ್ಟೇರ್‌ಗಳಲ್ಲಿ ಮರಳದೆ ಉಳಿದದ್ದು ದೇವಯ್ಯನವರದೊಂದೇ. ಮರಳಿದವರಾರೂ ಸ್ಟಾರ್‌ಫೈಟರ್ ಕೆಡವಿದ್ದೆನೆಂದು ಹೇಳಿರಲಿಲ್ಲ. ಅಂದಿನ ದಾಳಿಯ ನಾಯಕರಾಗಿದ್ದ ಒ.ಪಿ. ತನೇಜರು ಇದನ್ನು ಹಿಡಿದು ಮೇಲಿನವರ ಮುಂದಿಟ್ಟರು. ಕಡೆಗೆ 1988ರಲ್ಲಿ ಮಹಾವೀರ ಚಕ್ರ ಘೋಷಣೆಯಾಯಿತು; ಪರಮವೀರ ಚಕ್ರದ ನಂತರದ ಗೌರವ ಅದು. ಸುಂದರಿ ದೇವಯ್ಯನವರು ಗಂಡನ ಪರವಾಗಿ ಸ್ವೀಕರಿಸಿದರು. ವಾಯುಪಡೆಯಲ್ಲಿ ಮರಣೋತ್ತರವಾಗಿ ಈ ಚಕ್ರ ಪಡೆದವರು ದೇವಯ್ಯನವರೊಬ್ಬರೇ.

“ಸಾರ್, ಆ ಪುಸ್ತಕ ಬರದೇ ಇದ್ದಿದ್ರೆ?” ಎಂದು ಒಂಬತ್ತನೆಯ ತರಗತಿಯ ಹುಡುಗಿ ಕೇಳಿದಳು. ಹೋರಾಟ ಅಷ್ಟೇ ಇರುತ್ತಿತ್ತು, ಹೆಸರು ಇರುತ್ತಿರಲಿಲ್ಲ ಎಂದೆ. ಅವಳಿಗೆ ಅದು ಹಿಡಿಸಿದಂತೆ ಕಾಣಲಿಲ್ಲ, ನನಗೂ ಹಿಡಿಸಿರಲಿಲ್ಲ.

2025ರಲ್ಲಿ ಇದೇ ಘಟನೆಯನ್ನು ಆಧರಿಸಿ ‘ಸ್ಕೈ ಫೋರ್ಸ್’ ಎಂಬ ಹಿಂದಿ ಚಿತ್ರ ಬಂತು. ಹಾರಾಟದ ದೃಶ್ಯಗಳನ್ನು ಮಕ್ಕಳು ಮೆಚ್ಚಿದರು. ಆದರೆ ಅದರ ನಾಯಕನ ಹೆಸರು ದೇವಯ್ಯ ಅಲ್ಲ, ಹೆಸರು ಬದಲಿಸಿದ್ದಾರೆ. ಇಷ್ಟು ಕಾಲ ಕಾದು ದಕ್ಕಿದ ಹೆಸರನ್ನು ಹಾಗೆಯೇ ಇಡಬಹುದಿತ್ತೆಂದು ನನ್ನ ಅಭಿಪ್ರಾಯ. ಮಡಿಕೇರಿಯಲ್ಲಿ ಮಾತ್ರ ಒಂದು ವೃತ್ತಕ್ಕೆ ಅವರ ಹೆಸರೇ ಇದೆ. ಘಟ್ಟ ಹತ್ತಿ ಹೋದ ವಾಚಕರು ಮಕ್ಕಳಿಗೆ ಆ ಫಲಕವನ್ನು ಕನ್ನಡದಲ್ಲಿ ಓದಿಸಿ ಮುಂದೆ ಹೋಗಬಹುದು.