ಮುಚ್ಚಿದ ದಾರಿ ತೆರೆಯುವುದೆಂತು?

ಮೈಸೂರಿನ ವರ್ತುಲ ರಸ್ತೆಯು ಹುಣಸೂರು ರಸ್ತೆಯನ್ನು ಸಂಧಿಸುವಲ್ಲಿರುವ ಹಿನಕಲ್ ಗ್ರಾಮವು ಈಗ ನಗರದ ಭಾಗವೇ ಆಗಿಹೋಗಿದೆ. ಅಲ್ಲಿ ವಾಹನಗಳ ದಟ್ಟಣೆಯಿಂದ ಜನರಿಗೆ ತೊಂದರೆ ಹೆಚ್ಚಲು, ದಾರಿಯ ಮೇಲೊಂದು ದಾರಿಯನ್ನು ಕಟ್ಟಿ, ಮೇಲ್ಸೇತುವೆಯೊಂದನ್ನು ನಿರ್ಮಿಸಿದರು. ಸಂಚಾರಕ್ಕೆ ಅಡ್ಡಿ ಬಂದಲ್ಲಿ ಅದನ್ನು ನಿವಾರಿಸುವುದು ರಾಜ್ಯದ ಕರ್ತವ್ಯವೆಂಬುದನ್ನು ಯಾರೂ ಅಲ್ಲಗಳೆಯಲಿಲ್ಲ. ಆದರೆ ಇದೇ ಜಿಲ್ಲೆಯ ನಂಜನಗೂಡು ತಾಲ್ಲೂಕಿನ ಬದನವಾಳು ಗ್ರಾಮದಲ್ಲಿ, ಒಂದು ಕೇರಿಯಿಂದ ಇನ್ನೊಂದು ಕೇರಿಗೆ ಹೋಗುವ ಚಿಕ್ಕ ದಾರಿಯೊಂದು 1993ರಿಂದ 2022ರವರೆಗೆ ಜನಸಂಚಾರವಿಲ್ಲದೆ ಬಿದ್ದಿತ್ತು. ಇಪ್ಪತ್ತೊಂಬತ್ತು ವರ್ಷ! ಈ ಅಡ್ಡಿಯನ್ನು ಯಾವ ಇಂಜಿನಿಯರೂ ನಿವಾರಿಸುವಂತಿರಲಿಲ್ಲ.

ಬದನವಾಳು ಹೆಸರಿಲ್ಲದ ಊರಲ್ಲ. 1927ರಲ್ಲಿ ಮಹಾತ್ಮಾ ಗಾಂಧಿಯವರು ಅಲ್ಲಿಗೆ ಬಂದಿದ್ದರು. ಅಲ್ಲಿನ ಖಾದಿ ಕೇಂದ್ರದಲ್ಲಿ ನೂಲುವ ಹೆಂಗಸರೂ ನೇಯುವವರೂ ತಮ್ಮ ಕೈಗಳಿಂದಲೇ ಅನ್ನ ಸಂಪಾದಿಸಿಕೊಳ್ಳುತ್ತಿದ್ದರು. ಅಂಥ ಊರಿನಲ್ಲಿಯೇ ಸಿದ್ಧೇಶ್ವರ ದೇವಾಲಯದ ಪ್ರವೇಶವನ್ನು ಕುರಿತು ಲಿಂಗಾಯತರಿಗೂ ದಲಿತರಿಗೂ ವಿವಾದ ಹುಟ್ಟಿ, 1993ರ ಮಾರ್ಚಿಯಲ್ಲಿ ಮೂವರು ದಲಿತರ ಕೊಲೆಯಲ್ಲಿ ಪರಿಣಮಿಸಿತು. ಒಂದೇ ಬಾವಿಯಂತಿದ್ದ ಊರು ಎರಡು ಹೊಂಡವಾಯಿತು. ಕಾಲಕ್ರಮದಲ್ಲಿ ಖಾದಿ ಕೇಂದ್ರವೂ ಸೊರಗಿತು.

ನಮ್ಮ ನಾಡು ಹಿಂಸೆಯನ್ನು ಹಿಂದೆ ಕಾಣದಿರಲಿಲ್ಲ. 1938ರಲ್ಲಿ ವಿದುರಾಶ್ವತ್ಥದಲ್ಲಿ ಗುಂಡು ಹಾರಿತು. 1942ರಲ್ಲಿ ಈಸೂರು ತನ್ನನ್ನು ಸ್ವತಂತ್ರವೆಂದು ಸಾರಿತು; ಅಲ್ಲಿಗೆ ಬಂದ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಪ್ರಾಣ ಕಳೆದುಕೊಂಡರು; ಮರುವರ್ಷ ಊರಿನ ಐವರನ್ನು ಗಲ್ಲಿಗೇರಿಸಿದರು. ಆ ಊರುಗಳು ಅನುಭವಿಸಿದ ಸಂಕಟ ಅಲ್ಪವಲ್ಲ. ಆದರೂ ಅಲ್ಲಿ ಏಟು ಬಂದುದು ಹೊರಗಿನಿಂದ. ಪೆಟ್ಟು ತಿಂದವರು ಒಂದಾಗಿ ಅತ್ತರು, ಒಂದಾಗಿ ಸ್ಮಾರಕ ನಿಲ್ಲಿಸಿದರು. ನೆರೆಯವನೇ ನೆರೆಯವನನ್ನು ಕೊಂದ ಊರಿನಲ್ಲಿ ಸ್ಮಾರಕವನ್ನು ಯಾವ ಬೀದಿಯಲ್ಲಿ ನಿಲ್ಲಿಸುವುದು? ಹೊಡೆದವನೂ ಹೊಡೆಸಿಕೊಂಡವನೂ ನಾಳೆ ಅದೇ ಹೊಲಕ್ಕೆ, ಅದೇ ಅಂಗಡಿಗೆ ಹೋಗಲೇಬೇಕು. ಈ ಗಾಯವೇ ಬೇರೆ, ಇದರ ಚಿಕಿತ್ಸೆಯೂ ಬೇರೆ.

ಮೊದಲನೆಯ ಮದ್ದು ನ್ಯಾಯ. ಬದನವಾಳಿನ ಕೊಲೆಗಾರರಿಗೆ ಶಿಕ್ಷೆಯಾದುದು 2010ರಲ್ಲಿ, ಅಂದರೆ ಹದಿನೇಳು ವರ್ಷ ಕಳೆದ ಮೇಲೆ. ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ 2000ದ ಮಾರ್ಚಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಂದರು. ಸಾಕ್ಷಿಗಳು ತಿರುಗಿಬಿದ್ದುದರಿಂದ 2006ರಲ್ಲಿ ಆಪಾದಿತರೆಲ್ಲರೂ ಬಿಡುಗಡೆ ಹೊಂದಿದರು. ಸಾಕ್ಷಿ ಹೇಳುವವನು ಆಪಾದಿತನ ಹೊಲದಲ್ಲಿಯೇ ಕೂಲಿ ಮಾಡಬೇಕಾದಲ್ಲಿ ನಾಲಗೆ ಹೇಗೆ ತಾನೆ ಏಳೀತು? ಕಾನೂನಿಗೆ ಇದು ತಿಳಿಯದೆ ಇಲ್ಲ. ದೌರ್ಜನ್ಯ ತಡೆಯ 1989ರ ಶಾಸನವನ್ನು 2015ರಲ್ಲಿ ತಿದ್ದುಪಡಿ ಮಾಡಿ, ಆಪಾದನಾ ಪಟ್ಟಿ ಸಲ್ಲಿಕೆಯಾದ ಎರಡು ತಿಂಗಳೊಳಗೆ ವಿಚಾರಣೆಯನ್ನು ಸಾಧ್ಯವಾದಷ್ಟು ಮುಗಿಸಬೇಕೆಂದೂ, ಸಾಕ್ಷಿಗಳಿಗೆ ರಕ್ಷಣೆಯಿರಬೇಕೆಂದೂ ವಿಧಿಸಲಾಗಿದೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಾಗೃತಿ ಸಮಿತಿಯು ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕೆಂದು 1995ರ ನಿಯಮಗಳು ಹೇಳುತ್ತವೆ. ಈ ಸಭೆಯು ಕಡತದಲ್ಲಿ ರುಜು ಬೀಳುವುದಕ್ಕಾಗಿ ಅಲ್ಲ, ಹೆದರಿದ ಸಾಕ್ಷಿಯ ಬೆನ್ನಿಗೆ ನಿಲ್ಲುವುದಕ್ಕಾಗಿ ಎಂಬುದನ್ನು ಅಧಿಕಾರಿವರ್ಗದವರು ನೆನಪಿನಲ್ಲಿಡಬೇಕಾಗಿದೆ.

ಎರಡನೆಯ ಮದ್ದು ಕೂಡಿ ಮಾಡುವ ಕೆಲಸ. 2015ರಲ್ಲಿ ರಂಗಕರ್ಮಿ ಪ್ರಸನ್ನನವರು ಬದನವಾಳಿನಲ್ಲಿ ಸತ್ಯಾಗ್ರಹ ಕುಳಿತು, ಕೈಕಸುಬಿನ ಕಡೆಗೆ ನಾಡಿನ ಗಮನ ಸೆಳೆದರು. ಅದು ಸರಿಯಾದ ದಾರಿಯೆಂದೇ ನಮ್ಮ ಅಭಿಪ್ರಾಯ. ಒಂದೇ ಚಾವಣಿಯ ಕೆಳಗೆ ದಿನವೂ ನೂತು ನೇಯುವವರಲ್ಲಿ ಮಾತು ತಾನಾಗಿ ಹುಟ್ಟುತ್ತದೆ, ಉಪದೇಶದಿಂದ ಹುಟ್ಟದು.

ಇವೆರಡರ ಮೇಲೆ ಮೂರನೆಯದು ಸಹಭೋಜನ. 2022ರ ಗಾಂಧೀ ಜಯಂತಿಯಂದು ಕಾಂಗ್ರೆಸ್ ಮುಖಂಡರಾದ ರಾಹುಲ್ ಗಾಂಧಿಯವರ ಪಾದಯಾತ್ರೆಯು ಬದನವಾಳಿಗೆ ಬಂದಾಗ, ಮುಚ್ಚಿದ್ದ ದಾರಿಯು ತೆರೆಯಿತು. ಎರಡು ಕೇರಿಯವರೂ ಒಟ್ಟಿಗೆ ಕುಳಿತು ಉಂಡರು. ಇದು ಯಾವ ಪಕ್ಷದಿಂದಾದರೂ ಆಗಲಿ, ಸಂತೋಷದ ಸಂಗತಿಯೇ ಸರಿ. ಆದರೆ ನಂಟರು ಬಂದ ದಿನದ ಊಟಕ್ಕೂ ನಿತ್ಯದ ಊಟಕ್ಕೂ ಭೇದವುಂಟು. ಪಂಕ್ತಿಯಿಂದ ಎದ್ದ ಮೇಲೆ ಆ ದಾರಿಯಲ್ಲಿ ಎಷ್ಟು ಜನ ನಿರ್ಭಯವಾಗಿ ನಡೆಯುತ್ತಾರೆ, ದೇವರ ಬಾಗಿಲಲ್ಲಿ ಯಾರನ್ನು ಯಾರು ತಡೆಯುತ್ತಾರೆ ಎಂಬುದೇ ಪರೀಕ್ಷೆ.

ನಗರವಾಸಿಗಳಾದ ನಮ್ಮಲ್ಲಿ ಒಂದು ಅಭ್ಯಾಸವುಂಟು. ಗಲಭೆ ಅಡಗಿದ ಮರುದಿನವೇ, “ಆದುದು ಆಯಿತು, ಮರೆತುಬಿಡಿ” ಎಂದು ನೊಂದವರಿಗೆ ಬುದ್ಧಿ ಹೇಳುವುದು. ಮರೆಯಿರೆಂದು ಹೇಳುವ ಅಧಿಕಾರ ಮನೆಯ ಗಂಡಸನ್ನು ಕಳೆದುಕೊಳ್ಳದ ನಮಗೆ ಯಾರು ಕೊಟ್ಟರು? ಮೇಲೆ ಮಾಯ್ದು ಒಳಗೆ ಕೀವು ತುಂಬಿದ ಹುಣ್ಣನ್ನು ವೈದ್ಯನು ಗುಣವೆಂದು ಕರೆಯುವುದಿಲ್ಲ. ತಪ್ಪು ಮಾಡಿದ ಕಡೆಯವರು ತಪ್ಪೆಂದು ಒಪ್ಪಿಕೊಳ್ಳುವುದು ಮೊದಲು. ಮರೆಯುವುದೋ ಬಿಡುವುದೋ ನೊಂದವರ ಇಚ್ಛೆ.

ಹಳ್ಳಿಯಿಂದ ಬಂದವರಿಗೆ ಹಿನಕಲ್ಲಿನಂಥ ಬಡಾವಣೆಗಳಲ್ಲಿ ಮನೆ ಬಾಡಿಗೆಗೆ ಕೊಡುವ ಮುನ್ನ ಜಾತಿ ಕೇಳುವವರು ನಮ್ಮಲ್ಲಿ ಇಲ್ಲವೆ? ಬದನವಾಳಿನ ದಾರಿಯನ್ನು ಮುಚ್ಚಿದುದು ಇದೇ ಪ್ರಶ್ನೆ. ಅದನ್ನು ಕೇಳುವುದನ್ನು ನಾವು ನಮ್ಮ ಹೊಸ್ತಿಲಲ್ಲಿಯೇ ನಿಲ್ಲಿಸಿದರೆ, ಆ ಊರಿನವರಿಗೆ ಹೇಳುವ ಮಾತಿಗೆ ಅಷ್ಟಾದರೂ ತೂಕ ಬಂದೀತು.