ಕಾಳಿಲ್ಲದ ಬಸ್ಸಾರು, ಕಣ್ತುಂಬಾ ‘ಬಂಗಾರದ ಮನುಷ್ಯ’!

ಅಣ್ಣಾವ್ರ ಸಿನಿಮಾ ನೋಡೋಕೆ ನೀವು ಏನೇನು ಮಾಡಿದ್ದೀರೋ ಕಾಣೆ. ನಾನಂತೂ ಮನೆಯವರ ಅವರೆಕಾಯಿಯನ್ನೇ ನುಂಗಿ ನೀರು ಕುಡಿದೆ!

ನಮ್ಮದು ಮಾಗಡಿ ಸೀಮೆಯ ಮಳೆ ನಂಬಿದ ಹೊಲ. ರಾಗಿ ಸಾಲಿನ ನಡುವೆ ಅವರೆ. ಚಳಿಗಾಲ ಬಂತೆಂದರೆ ಇಬ್ಬನಿಯಲ್ಲಿ ನೆಂದ ಕಾಯಿಯ ಸೊಗಡು ಕೈಗೆಲ್ಲ ಮೆತ್ತಿಕೊಳ್ಳೋದು. ಅವ್ವ ಬಸ್ಸಾರು ಇಟ್ಟರೆ ನಾನು ಆಟ ಬಿಟ್ಟು ಓಡಿಬರುತ್ತಿದ್ದೆ. ಎಳೆ ಕಾಳು, ಸಬ್ಬಸಿಗೆ, ದಂಟಿನ ಸೊಪ್ಪು ಒಟ್ಟಿಗೆ ಬೇಯಿಸಿ ಕಟ್ಟು ಬಸಿಯೋಳು. ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು, ಕೊತ್ತಂಬರಿ ಬೀಜ, ಜೀರಿಗೆ, ಮೆಣಸು, ಕಾಯಿತುರಿ, ಹುಣಸೆಹಣ್ಣು ಸೇರಿಸಿ, ಬೆಂದ ಕಾಳುಸೊಪ್ಪೂ ಒಂದು ಹಿಡಿ ಹಾಕಿ ರುಬ್ಬೋಳು. ಅದನ್ನು ಕಟ್ಟಿಗೆ ಬೆರೆಸಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಬೇಯಿಸು, ಎರಡು ಅಡುಗೆ! ಜೊತೆಗೆ ಬಿಸಿ ಮುದ್ದೆ...

1973ರ ಜನವರಿ. ಆ ವರ್ಷ ಮಳೆ ಕೈಕೊಟ್ಟಿತ್ತು. ಅಕ್ಕನ ಬಾಣಂತನಕ್ಕೆ ದುಡ್ಡು ಬೇಕು. ಮನೆಗೆ ಒಂದು ಹಿಡಿಯೂ ಇಟ್ಟುಕೊಳ್ಳದೆ ಅಪ್ಪ ಇದ್ದಬದ್ದ ಕಾಯನ್ನೆಲ್ಲ ಮೂಟೆ ಕಟ್ಟಿ, ‘ಸಂತೇಲಿ ಮಾರ್ಕೊಂಡು ಬಾರ್ಲಾ’ ಅಂತ ನನ್ನನ್ನು ಕಳಿಸಿದರು.

ಮಾರಿದೆ. ಕೈಗೆ ದುಡ್ಡು ಬಂತು. ಎದುರಿಗೇ ಬೆಂಗಳೂರು ಬಸ್ಸು!

1972ರಲ್ಲಿ ತೆರೆಕಂಡ ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಕೆ.ಜಿ. ರಸ್ತೆಯ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಇನ್ನೂ ಓಡುತ್ತಿತ್ತು. ಬಾಲ್ಕನಿ ಟಿಕೆಟ್, ಮಸಾಲೆದೋಸೆ, ಬಸ್ ಚಾರ್ಜು... ಜೇಬು ಅರ್ಧ ಖಾಲಿ. ತೆರೆಯ ಮೇಲೆ ರಾಜೀವ ಬಂಜರು ನೆಲವನ್ನು ಹಸಿರು ಮಾಡುತ್ತಿದ್ದಾನೆ. ಜನರೆಲ್ಲ ಶಿಳ್ಳೆ ಹೊಡೆಯುತ್ತಿದ್ದಾರೆ. ನನಗೆ ಮಾತ್ರ ಗಂಟಲು ಕಟ್ಟಿತು. ಬೇಸಾಯದ ಸಿನಿಮಾ ನೋಡೋಕೆ ಅಪ್ಪನ ಬೇಸಾಯವನ್ನೇ ಕರಗಿಸಿ ಬಂದಿದ್ದೆನಲ್ಲ!

ರಾತ್ರಿ ಮನೆ ಸೇರಿ, ಉಳಿದ ದುಡ್ಡನ್ನು ಅಪ್ಪನ ಮುಂದಿಟ್ಟು ನಿಜ ಹೇಳಿದೆ. ಅಪ್ಪ ಎಣಿಸಲಿಲ್ಲ, ಬೈಯಲೂ ಇಲ್ಲ. ಎದ್ದು ಜಗಲಿಗೆ ಹೋದರು. ಬೈದಿದ್ದರೆ ವಾಸಿಯಿತ್ತು.

ಅವ್ವ ಮುದ್ದೆ ಇಟ್ಟು ಬಸ್ಸಾರು ಬಿಟ್ಟಳು. ಬರೀ ಸೊಪ್ಪು. ನಾನು ಬೆರಳಾಡಿಸಿ ಹುಡುಕಿದೆ.

‘ಏನ್ ಹುಡುಕ್ತೀಯ ಮಗಾ? ಕಾಳೆಲ್ಲ ರಾಜೀವಪ್ಪಂಗೆ ಕೊಟ್ ಬಂದ್ಯಲ್ಲ!’

ನಕ್ಕೇ ಹೇಳಿದಳು. ಆದರೆ ಅವಳ ತಟ್ಟೆಯಲ್ಲಿ ಸೊಪ್ಪೂ ಇರಲಿಲ್ಲ.

ಮರುದಿನ ಅಪ್ಪನಿಗಿಂತ ಮೊದಲು ಹೊಲದಲ್ಲಿದ್ದೆ. ಮುಂದೆ ಊರ ಹತ್ತಿರ ಟೂರಿಂಗ್ ಟಾಕೀಸಿಗೆ ಅದೇ ಚಿತ್ರ ಬಂದಾಗ, ನನ್ನ ಕೂಲಿ ದುಡ್ಡಲ್ಲಿ ಅಪ್ಪ, ಅವ್ವ ಇಬ್ಬರನ್ನೂ ಕರೆದೊಯ್ದೆ. ಮುಗಿದ ಮೇಲೆ ಅಪ್ಪ ಕಣ್ಣೊರೆಸಿಕೊಂಡು, ‘ಒಳ್ಳೆ ಬೇಸಾಯಗಾರ ಕಣ್ಲಾ’ ಅಂದರು. ಅಷ್ಟೇ ವಿಮರ್ಶೆ!

ಇಂದು ಅಪ್ಪ, ಅವ್ವ ಇಬ್ಬರೂ ಇಲ್ಲ. ಹೊಲ ಇದೆ. ಅವರೆ ಬಂದಾಗ ಬಸ್ಸಾರಿಗೆ ಕಾಳು ಬಿಡಿಸೋನು ನಾನೇ. ಮನೆಯದು ತೆಗೆದಿಟ್ಟ ಮೇಲೇನೇ ಮೂಟೆ ಕಟ್ಟೋದು.