ಕಡಲಿನ ಬಿತ್ತನೆ ಬೀಜ

ಬಿತ್ತನೆಗೆಂದಿಟ್ಟ ಕಾಳನ್ನು ಉಂಡ ಒಕ್ಕಲಿಗನಿಗೆ ಮರುವರ್ಷ ಬೆಳೆಯಿಲ್ಲವೆಂಬುದು ಸರ್ವವಿದಿತ. ಕಡಲಿನ ಮೀನಿಗೂ ಇದೇ ನಿಯಮವು ಅನ್ವಯಿಸುತ್ತದೆ.

ಕೆನಡಾ ದೇಶದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಬಳಿಯ ಕಾಡ್ ಮೀನು ಇದಕ್ಕೆ ನಿದರ್ಶನವಾಗಿದೆ. 1968ರಲ್ಲಿ ಅಲ್ಲಿ ಸುಮಾರು 8 ಲಕ್ಷ ಟನ್ನು ಮೀನನ್ನು ಹಿಡಿಯಲಾಯಿತು. ಕಾಲಕ್ರಮದಲ್ಲಿ ಸಂತತಿಯು ಕ್ಷೀಣಿಸಿ, 1992ನೆಯ ಜುಲೈ 2ರಂದು ಸರ್ಕಾರವು ನಿಷೇಧವನ್ನು ವಿಧಿಸಬೇಕಾಯಿತು. ಸುಮಾರು 30,000 ಜನರು ಕಸುಬನ್ನು ಕಳೆದುಕೊಂಡರು. ಎರಡು ವರ್ಷಗಳಿಗೆಂದು ವಿಧಿಸಿದ ನಿಷೇಧವು ತೆರವಾದುದು 2024ರಲ್ಲಿ!

ಈ ವಿಳಂಬಕ್ಕೆ ಕಾರಣಗಳು ಹಲವು. ಅವುಗಳಲ್ಲಿ ಒಂದು ಗಮನಾರ್ಹವಾದುದು. ಬಲೆಯು ದೊಡ್ಡ ಮೀನುಗಳನ್ನೇ ಹೆಚ್ಚಾಗಿ ಒಯ್ಯುತ್ತದೆ. ದೊಡ್ಡ ಹೆಣ್ಣುಮೀನೊಂದು ಇಡುವ ಮೊಟ್ಟೆಗಳಾದರೋ, ಅಷ್ಟೇ ತೂಕದ ಹಲವು ಸಣ್ಣ ಮೀನುಗಳು ಕೂಡಿ ಇಡುವುದಕ್ಕಿಂತ ಅಧಿಕ. ಅಲ್ಲಿಯ ಶೀತಜಲದಲ್ಲಿ ಕಾಡ್ ಮರಿಯು ಮೊಟ್ಟೆಯಿಡುವಂತಾಗಲು ಐದಾರು ವರ್ಷಗಳು ಬೇಕು. ಆದುದರಿಂದ ಮೀನುಗಳ ಎಣಿಕೆಯೊಂದೇ ಸಾಲದು. ಎಳೆಯವು, ನಡುವಯಸ್ಸಿನವು, ಹಿರಿಯವು ಹದವಾಗಿ ಬೆರೆತಿರಬೇಕು.

ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರ ವರೆಗೆ ಯಂತ್ರದೋಣಿಗಳು ಮೀನು ಹಿಡಿಯಬಾರದೆಂಬ ಕಟ್ಟಳೆಯ ಉದ್ದೇಶಗಳಲ್ಲೊಂದು ತಾಯಿಮೀನಿನ ರಕ್ಷಣೆ. ಉಳಿದ ತಿಂಗಳುಗಳಲ್ಲಿಯೂ ಮೀನುಗಾರರು ಸಣ್ಣ ಕಣ್ಣಿನ ಬಲೆಯನ್ನು ತ್ಯಜಿಸಿ ಮರಿಗಳನ್ನು ಬೆಳೆಯಗೊಡುವುದು ಶ್ರೇಯಸ್ಕರ. ಕಡಲಿನಲ್ಲಿ ಬೀಜವುಳಿದರೆ ಮಾತ್ರ ಮುಂದಿನವರಿಗೆ ಫಸಲು.